ಎರಡನೇ ಆಯ್ಕೆಗೆ ಅರ್ಧ ಮತ: ನವೂರು ಕಲಿಸುವ ಗಣಿತ

ಪೆಸಿಫಿಕ್ ಸಾಗರದ ನವೂರು ದೇಶದ ಸಂಸತ್ ಚುನಾವಣೆಯಲ್ಲಿ ಪ್ರಾಶಸ್ತ್ಯ ಮತವಿದೆ, ಅಂದರೆ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಆಯ್ಕೆಯ ಕ್ರಮ ಬರೆಯುತ್ತಾರೆ ಎಂದ ಕೂಡಲೇ, ಅದು ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ ಇರಬೇಕು ಎಂದುಕೊಳ್ಳುವವರೇ ಹೆಚ್ಚು. ಇದು ತಪ್ಪು. ಪರಿಷತ್ ಚುನಾವಣೆಯಲ್ಲಿ ಕೊನೆಯವರನ್ನು ಸ್ಪರ್ಧೆಯಿಂದ ಕೈಬಿಟ್ಟು ಅವರ ಮತಪತ್ರಗಳನ್ನು ಉಳಿದವರಿಗೆ ಹಂಚುತ್ತಾರೆ. ನವೂರುವಿನಲ್ಲಿ ಯಾರನ್ನೂ ಕೈಬಿಡುವುದಿಲ್ಲ. ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 1/2, ಮೂರನೆಯದಕ್ಕೆ 1/3, ಹೀಗೆ ಎಲ್ಲವನ್ನೂ ಒಂದೇ ಸಲಕ್ಕೆ ಕೂಡುತ್ತಾರೆ. ಹೆಚ್ಚು ಅಂಕ ಬಂದವರು ಗೆದ್ದಂತೆ.

21 ಚದರ ಕಿಲೋಮೀಟರಿನ ಈ ದ್ವೀಪ 1968ರಲ್ಲಿ ಸ್ವತಂತ್ರವಾದಾಗ ಅದುವರೆಗೆ ಆಡಳಿತ ನಡೆಸುತ್ತಿದ್ದ ಆಸ್ಟ್ರೇಲಿಯಾದ, ಕೊನೆಯವರನ್ನು ಕೈಬಿಡುವ ಪದ್ಧತಿಯೇ ಉಳಿದಿತ್ತು. 1971ರಲ್ಲಿ ನ್ಯಾಯ ಇಲಾಖೆಯ ಕಾರ್ಯದರ್ಶಿ, ಐರ್ಲೆಂಡಿನ ಡೆಸ್ಮಂಡ್ ಡೌಡಾಲ್ ಈ ಭಿನ್ನರಾಶಿ ಲೆಕ್ಕ ತಂದರು. ಈಗ 8 ಕ್ಷೇತ್ರ, 19 ಸದಸ್ಯರು: ಉಬೆನಿಡೆಗೆ 4, ಮೆನೆಂಗಿಗೆ 3, ಉಳಿದವಕ್ಕೆ ತಲಾ 2.

ವೀಣೆಯ ತಂತಿಯನ್ನು ನೆನೆಯಿರಿ. ಅರ್ಧಕ್ಕೆ ಒತ್ತಿದರೆ ತಾರಷಡ್ಜ (ಮೇಲಿನ ಸ), ಮೂರನೇ ಒಂದು ಭಾಗವಷ್ಟೇ ಮಿಡಿಯುವಂತೆ ಒತ್ತಿದರೆ ಅದರ ಮೇಲಿನ ಪಂಚಮ (ಪ). ಮೊದಲ ಜಿಗಿತ ದೊಡ್ಡದು, ಆಮೇಲಿನವು ಕಿರಿದಾಗುತ್ತ ಹೋಗುತ್ತವೆ. ಇಲ್ಲೂ ಹಾಗೆಯೇ: 1ಕ್ಕೂ 2ಕ್ಕೂ ನಡುವೆ ಅರ್ಧ ಅಂಕದ ಅಂತರವಾದರೆ, 4ಕ್ಕೂ 5ಕ್ಕೂ ನಡುವೆ ಬರೀ 1/20. 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾ ಸೂಚಿಸಿದ್ದು ಸಮ ಮೆಟ್ಟಿಲು: ಮೂವರಿದ್ದರೆ 2, 1, 0. ಎರಡೂ ಒಂದೇ ಎಂದು ಬರೆಯುವವರು ಈ ಲೆಕ್ಕ ಮಾಡಿ ನೋಡಲಿ.

100 ಮತದಾರರು, 2 ಸ್ಥಾನ, ಮೂವರು ಅಭ್ಯರ್ಥಿಗಳು. 40 ಮಂದಿಯ ಕ್ರಮ ಅ-ಬ-ಕ, 35 ಮಂದಿಯದು ಬ-ಕ-ಅ, 25 ಮಂದಿಯದು ಕ-ಬ-ಅ. ನವೂರು ಲೆಕ್ಕದಲ್ಲಿ ಬ 67.5, ಅ 60, ಕ ಸುಮಾರು 55.8. ಬ ಮತ್ತು ಅ ಗೆಲ್ಲುತ್ತಾರೆ. ಬೋರ್ಡಾ ಲೆಕ್ಕದಲ್ಲಿ ಬ 135, ಕ 85, ಅ 80. ಅತಿ ಹೆಚ್ಚು ಮೊದಲ ಆಯ್ಕೆ ಪಡೆದ ಅ ಹೊರಗೆ! ಅದೇ ಮತಪತ್ರಗಳು, ಬೇರೆಯೇ ಸಂಸತ್ತು. ಗಟ್ಟಿ ಬೆಂಬಲಕ್ಕೆ ಬೆಲೆ ಕೊಟ್ಟೂ ಎರಡನೇ ಆಯ್ಕೆಯನ್ನು ವ್ಯರ್ಥ ಮಾಡದ ಈ ಜಾಣ್ಮೆ ನನಗೆ ಬಹಳ ಇಷ್ಟ.

ನವೂರುವಿನಲ್ಲಿ 20 ವರ್ಷ ತುಂಬಿದವರಿಗೆ ಮತದಾನ ಕಡ್ಡಾಯ. ಕ್ಷೇತ್ರದಲ್ಲಿ ಎಷ್ಟು ಮಂದಿ ನಿಂತಿದ್ದರೂ ಎಲ್ಲರ ಹೆಸರಿನ ಮುಂದೆಯೂ ಅಂಕಿ ಬರೆಯಬೇಕು. ಒಂದು ಚೌಕ ಖಾಲಿ ಬಿಟ್ಟರೆ, ಒಂದೇ ಅಂಕಿ ಎರಡು ಸಲ ಬಂದರೆ ಮತ ಅಸಿಂಧು. ಇದು ಕಠಿಣ ಅನಿಸಬಹುದು. ಆದರೆ ಖಾಲಿ ಬಿಡಲು ಅವಕಾಶವಿದ್ದರೆ, ಎದುರಾಳಿಗೆ ಅರ್ಧ ಅಂಕ ಯಾಕೆ ಕೊಡಬೇಕು ಎಂದು ಎಲ್ಲರೂ ಬರೀ 1 ಬರೆದು ಮಡಚುತ್ತಾರೆ. ಆಗ ಭಿನ್ನರಾಶಿಗೆ ಕೆಲಸವೇ ಇರುವುದಿಲ್ಲ.