ಬಿಳಿ ಬಟ್ಟೆಯವರಿಗೆ ಹೇಳದೆ ಉಳಿದ ಮಾತು

ಶ್ರಾವಸ್ತಿಯ ವ್ಯಾಪಾರಿ ಅನಾಥಪಿಂಡಿಕ ಹಾಸಿಗೆ ಹಿಡಿದಿದ್ದ. ನೆಲಕ್ಕೆ ಹಣ ಹಾಸಿ ಜೇತವನವನ್ನು ಕೊಂಡು ಬುದ್ಧನಿಗೆ ಕೊಟ್ಟನಲ್ಲ, ಅವನೇ. ತಲೆಗೆ ಚರ್ಮದ ಪಟ್ಟಿ ಬಿಗಿದಂಥ ನೋವು, ಕಟುಕ ಹೊಟ್ಟೆ ಕೊಯ್ದಂಥ ನೋವು. ನೋಡಲು ಬಂದ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ಹೇಳಿದ: ಕಣ್ಣಿಗೆ ಅಂಟಿಕೊಳ್ಳಬೇಡ, ಕಿವಿಗೆ ಅಂಟಿಕೊಳ್ಳಬೇಡ, ಈ ಲೋಕಕ್ಕೂ ಬೇಡ, ಪರಲೋಕಕ್ಕೂ ಬೇಡ.

ಅನಾಥಪಿಂಡಿಕ ಅತ್ತುಬಿಟ್ಟ. ಎದೆಗುಂದಿದೆಯಾ ಅಂತ ಸಾರಿಪುತ್ತನ ಜೊತೆ ಬಂದಿದ್ದ ಭಿಕ್ಷು ಆನಂದ ಕೇಳಿದ. ಇಲ್ಲ, ಇಷ್ಟು ಕಾಲ ಗುರುವಿನ ಸೇವೆ ಮಾಡಿದೆ, ಇಂಥ ಮಾತು ಒಮ್ಮೆಯೂ ಕೇಳಿರಲಿಲ್ಲ ಅಂದ. ಬಿಳಿ ಬಟ್ಟೆ ಉಡುವ ಗೃಹಸ್ಥರಿಗೆ ಇದನ್ನು ಹೇಳುವುದಿಲ್ಲ, ಮನೆ ಬಿಟ್ಟವರಿಗೆ ಮಾತ್ರ ಅನ್ನುವುದು ಉತ್ತರ. ಹಾಗಾದರೆ ಇನ್ನು ನಮಗೂ ಹೇಳಿ, ಕಣ್ಣಲ್ಲಿ ಧೂಳು ಕಡಿಮೆ ಇರುವವರು ನಮ್ಮಲ್ಲೂ ಇದ್ದಾರೆ, ಕೇಳಿಸಿಕೊಳ್ಳದೆ ಕೆಟ್ಟುಹೋಗುತ್ತಿದ್ದಾರೆ ಎಂದು ಅವನು ಬೇಡಿಕೊಂಡ. ಬುದ್ಧನ ಉಪದೇಶಗಳಿರುವ ಪಾಲಿ ಸುತ್ತಗಳಲ್ಲಿ ನನ್ನನ್ನು ಇಷ್ಟು ಕಾಡಿದ ಜಾಗ ಇನ್ನೊಂದಿಲ್ಲ.

ಹಾಗಂತ ಗೃಹಸ್ಥರಿಗೆ ಸಿಕ್ಕಿದ್ದು ಸಣ್ಣದಲ್ಲ. ಹಳೆಯ ಬೌದ್ಧ ಪಂಥವಾದ ಥೇರವಾದದ ಭಿಕ್ಷುವಿಗೆ 227 ನಿಯಮ, ಭಿಕ್ಷುಣಿಗೆ 311, ಹಣ ಮುಟ್ಟುವಂತಿಲ್ಲ, ಮಧ್ಯಾಹ್ನ ದಾಟಿದ ಮೇಲೆ ಊಟವಿಲ್ಲ. ಮನೆಯವರಿಗೆ ಐದು ಶೀಲ, ಅಂದರೆ ಕೊಲ್ಲಬೇಡ, ಕದಿಯಬೇಡ ಎಂಬಂಥ ಐದು ನಿಯಮ. ಜೊತೆಗೆ ಬದುಕಿನ ಪಾಠ. ರಾಜಗೃಹದಲ್ಲಿ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೆ ಕೈ ಮುಗಿಯುತ್ತಿದ್ದ ಸಿಗಾಲ ಎಂಬ ಹುಡುಗನಿಗೆ ಬುದ್ಧ ಹೇಳಿದ್ದು: ಪೂರ್ವ ಅಂದರೆ ಅಪ್ಪ ಅಮ್ಮ, ಪಶ್ಚಿಮ ಹೆಂಡತಿ ಮಕ್ಕಳು, ಕಾಲ ಕೆಳಗಿನ ದಿಕ್ಕು ಆಳುಕಾಳು. ಆಳಿಗೆ ಶಕ್ತಿ ನೋಡಿ ಕೆಲಸ ಕೊಡು, ಕೂಲಿ ಕೊಡು, ಕಾಯಿಲೆ ಬಿದ್ದರೆ ನೋಡಿಕೋ, ಮನೆಯಲ್ಲಿ ಏನಾದರೂ ವಿಶೇಷ ಮಾಡಿದರೆ ಅವರಿಗೂ ಬಡಿಸು, ರಜೆ ಕೊಡು. ದುಡಿದಿದ್ದರಲ್ಲಿ ಒಂದು ಪಾಲು ಖರ್ಚಿಗೆ, ಎರಡು ಪಾಲು ದುಡಿಮೆಗೆ, ಒಂದು ಪಾಲು ಕಷ್ಟಕಾಲಕ್ಕೆ.

ಭಿಕ್ಷು, ಗೃಹಸ್ಥರ ನಡುವಿನ ಗೋಡೆ ಅಷ್ಟು ಗಟ್ಟಿಯೂ ಇರಲಿಲ್ಲ. ಚಿತ್ತ ಎಂಬ ಗೃಹಸ್ಥ ಭಿಕ್ಷುಗಳಿಗೇ ಕಷ್ಟದ ವಿಷಯ ಬಿಡಿಸಿ ಹೇಳುತ್ತಿದ್ದ. ಬುದ್ಧನೂ ಕೊನೆಗಾಲದಲ್ಲಿ ನನ್ನದು ಮುಚ್ಚಿದ ಮುಷ್ಟಿಯಲ್ಲ, ಏನನ್ನೂ ಬಚ್ಚಿಟ್ಟಿಲ್ಲ ಅಂದ. ಮುಂದೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಲ್ಲಿ ತಾನು ಉಪಾಸಕನಾಗಿ, ಅಂದರೆ ಬುದ್ಧನನ್ನು ಅನುಸರಿಸುವ ಗೃಹಸ್ಥನಾಗಿ, ಎರಡೂವರೆ ವರ್ಷ ದಾಟಿತು ಎಂದು ಬರೆಸಿದ ಅಶೋಕ, ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಏಳು ಧರ್ಮಪಾಠಗಳ ಹೆಸರು ಹೇಳಿ, ಇವನ್ನು ಭಿಕ್ಷು ಭಿಕ್ಷುಣಿಯರ ಜೊತೆ ಉಪಾಸಕ ಉಪಾಸಿಕೆಯರೂ ಕೇಳಬೇಕು ಎಂದ. ಆದರೂ ರೂಢಿ ಬೇರೆಯೇ ಆಯಿತು: ಮನೆಯವರು ಅನ್ನ ನೀಡಿ ಪುಣ್ಯ ಕಟ್ಟಿಕೊಳ್ಳಬೇಕು, ಧ್ಯಾನ ವಿಹಾರದವರ ಪಾಲು.

ಬರ್ಮಾದಲ್ಲಿ ಇದು ಜೋರಾಗಿ ಅಲುಗಾಡಿತು. 1885ರಲ್ಲಿ ಬ್ರಿಟಿಷರು ಮಂಡಾಲೆ ಹಿಡಿದರು. ಧರ್ಮಕ್ಕೆ ಆಸರೆಯಾಗಿದ್ದ ರಾಜನೇ ಇಲ್ಲ. ಇನ್ನು ಜನರೇ ಕಾಯಬೇಕು ಅಲ್ವಾ? ಲೇಡಿ ಸಯಾಡೊ ಎಂಬ ಭಿಕ್ಷು ಊರೂರು ತಿರುಗಿ, ಸುಲಭ ಬರ್ಮೀಸ್‌ನಲ್ಲಿ ಬರೆದು, ಸಾಮಾನ್ಯರಿಗೆ ಬೌದ್ಧ ತತ್ವಶಾಸ್ತ್ರವಾದ ಅಭಿಧಮ್ಮವನ್ನೂ ಧ್ಯಾನವನ್ನೂ ಕಲಿಸಿದರು. ಆ ದಾರಿ ರೈತ ಸಯಾ ತೆಜ್ಜಿಗೆ ಬಂತು, ಅವರಿಂದ ಸರ್ಕಾರಿ ಲೆಕ್ಕಾಧಿಕಾರಿ ಊ ಬಾ ಖಿನ್‌ಗೆ. ಅವರ ಶಿಷ್ಯ ಗೋಯೆಂಕಾ 1969ರಲ್ಲಿ ಅದನ್ನು ಭಾರತಕ್ಕೆ ತಂದರು. ಮೂವರೂ ಗೃಹಸ್ಥರು.

ಅದಕ್ಕೂ ಮೊದಲು, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಅಂಬೇಡ್ಕರ್ ಅವರು ಹಿರಿಯ ಭಿಕ್ಷು ಚಂದ್ರಮಣಿಯವರಿಂದ ಬುದ್ಧ, ಧಮ್ಮ, ಸಂಘಕ್ಕೆ ಶರಣಾಗುವ ತ್ರಿಶರಣ, ಜೊತೆಗೆ ಪಂಚಶೀಲ ಪಡೆದರು. ಆಮೇಲೆ ಜನರ ಕಡೆ ತಿರುಗಿ ಲಕ್ಷಾಂತರ ಮಂದಿಗೆ ತಾವೇ ದೀಕ್ಷೆ ಕೊಟ್ಟರು. ಅವತ್ತು ಅವರು ಉಟ್ಟಿದ್ದೂ ಬಿಳಿ ಬಟ್ಟೆಯೇ.