ಚಹಾ ಅಂಗಡಿಯ ಉದ್ರಿ ವಹಿ ಮತ್ತು 12 ಪಾಯಿಂಟ್

ಭಾನುವಾರ ಟಿಳಕವಾಡಿಯ ಲೇಲೆ ಮೈದಾನದಲ್ಲಿ ಆಡಿ ಬಂದ ತಂಗಿಯ ಮಗ, ಬೂಟು ಬಿಚ್ಚುವ ಮೊದಲೇ ಕೇಳಿದ: “ಮಾಮಾ, ಹುಡುಗ್ರು ಬೆವರು ಸುರಿಸಿ ಗಳಿಸಿದ ಪಾಯಿಂಟ್ ಅವು. ಮಾಲಕ ಸಾಲ ಮಾಡಿದ್ರ ಆಡೋರ ಪಾಯಿಂಟ್ ಯಾಕ ಕಡೀತಾರ?”

ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇ ಫುಟ್‌ಬಾಲ್ ಕ್ಲಬ್‌ಗೆ 2025ರ ಅಕ್ಟೋಬರ್‌ನಲ್ಲಿ ಲೀಗ್ ಪಟ್ಟಿಯಲ್ಲಿ 12 ಪಾಯಿಂಟ್ ಕಡಿತವಾಯಿತು. ಅಂದಿನಿಂದ ಈ ಪ್ರಶ್ನೆ ಅವನ ತಲೆ ಕೊರೆಯುತ್ತಿದೆ. ಅಲ್ಲಿ ಪಗಾರ ತಡವಾಗಿತ್ತು, ತೆರಿಗೆ ಬಾಕಿ ಉಳಿದಿತ್ತು, ಕೊನೆಗೆ ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. ಹುಡುಗನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾನು ಅವನ ಮಾತು ಒಪ್ಪಲಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಕೆಲವು ವರ್ಷಗಳಿಂದ ದಿವಾಳಿ ಪ್ರಕರಣಗಳ ಕೆಲಸವನ್ನೂ ಮಾಡುತ್ತೇನೆ. ಅಲ್ಲಿನ ಅಡ್ಮಿನಿಸ್ಟ್ರೇಷನ್ ಅಂದರೆ ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ ನಡೆಯುವುದಕ್ಕೆ ಹತ್ತಿರದ್ದು. ಮಾಲೀಕರ ಕೈಯಿಂದ ಬೀಗದ ಕೈ ಹೊರಗಿನವರ ಕೈಗೆ ಬರುತ್ತದೆ. ವಸೂಲಿಗೆ ಬಂದವರನ್ನು ಕಾನೂನು ಸ್ವಲ್ಪ ದಿನ ತಡೆದು ನಿಲ್ಲಿಸುತ್ತದೆ. ಯಾರಿಗೆ ಎಷ್ಟು ಬಾಕಿ ಅಂತ ಪಟ್ಟಿ ಮಾಡಿ, ಕಂಪನಿಯನ್ನು ಕೊಳ್ಳುವವರು ಇದ್ದಾರಾ ಅಂತ ಹುಡುಕುತ್ತಾರೆ.

ಉದ್ಯಮಬಾಗದ ಒಂದು ಫೌಂಡ್ರಿಯ ಪಟ್ಟಿ ಮಾಡುತ್ತಿದ್ದಾಗ ಗೇಟಿನ ಎದುರಿನ ಚಹಾ ಅಂಗಡಿಯವರು ಬಂದರು. ಕೈಯಲ್ಲಿ ಕೆಂಪು ರಟ್ಟಿನ ಉದ್ರಿ ವಹಿ. ಪುಟದ ತುಂಬ ಪೆನ್ಸಿಲ್ ಗೀಟು. ನಾಲ್ಕು ಗೀಟಿನ ಮೇಲೊಂದು ಅಡ್ಡಗೀಟು ಎಳೆದರೆ ಐದು ಕಪ್. ಮೂಲೆಯಲ್ಲಿ ಸ್ಟೋರ್ ಕೀಪರ್ ಸಹಿ. ಹದಿನಾಲ್ಕು ತಿಂಗಳ ಲೆಕ್ಕ. ಕೆಲವು ಪುಟಗಳಿಗೆ ಚಹಾ ಚೆಲ್ಲಿ ಗೀಟುಗಳು ಮಸುಕಾಗಿದ್ದವು. ಅವನ್ನು ಕಿಟಕಿ ಬೆಳಕಿಗೆ ಹಿಡಿದು ಎಣಿಸಬೇಕಾಯಿತು.

“ಸಾಹೇಬ್ರ, ನಮ್ಮ ರೊಕ್ಕ ಬರ್ತೈತಲ್ರಿ?” ಅಂತ ಕೇಳಿದರು. ಅರ್ಜಿ ತುಂಬಿಕೊಟ್ಟೆ. ಉತ್ತರ ಹೇಳಲು ನಾಲಿಗೆ ಹೊರಳಲಿಲ್ಲ.

ಯಾಕೆಂದರೆ ನಮ್ಮ ಕಾನೂನಿನಲ್ಲಿ ಸರತಿ ಇದೆ. ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅದಕ್ಕೆ ಸಮನಾಗಿ ಅಡಮಾನ ಇಟ್ಟುಕೊಂಡ ಬ್ಯಾಂಕು. ನಂತರ ಉಳಿದ ನೌಕರರ 12 ತಿಂಗಳ ಸಂಬಳ. ಹಾಗೇ ಇಳಿಯುತ್ತ ಹೋದರೆ ಸರಕಾರದ ಬಾಕಿಯ ಕೆಳಗೆ ಮರಳು ಕೊಟ್ಟವರು, ಲಾರಿಯವರು, ಚಹಾದವರು ನಿಂತಿರುತ್ತಾರೆ. ಕಂಪನಿಯನ್ನು ಇನ್ನೊಬ್ಬರು ಕೊಂಡು ನಡೆಸುವುದಾದರೂ ಇವರಿಗೆ ಕಾನೂನು ಭರವಸೆ ಕೊಡುವುದು ಇಷ್ಟೇ: ಮುಚ್ಚಿ ಮಾರಿದ್ದರೆ ಎಷ್ಟು ಬರುತ್ತಿತ್ತೋ, ಇಲ್ಲವೇ ಕೊಂಡವರು ಕೊಟ್ಟ ಹಣವನ್ನು ಇದೇ ಸರತಿಯಲ್ಲಿ ಹಂಚಿದರೆ ಎಷ್ಟು ಬರುತ್ತದೋ, ಎರಡರಲ್ಲಿ ಹೆಚ್ಚಿನದು ಯಾವುದೋ ಅಷ್ಟಕ್ಕೆ ಕಡಿಮೆ ಇಲ್ಲ. ಬಹಳ ಸಲ ಆ ‘ಅಷ್ಟು’ ಸೊನ್ನೆಯೇ ಆಗಿರುತ್ತದೆ.

ಫುಟ್‌ಬಾಲ್‌ನಲ್ಲಿ ಸರತಿ ಇನ್ನೂ ವಿಚಿತ್ರ. ಇಂಗ್ಲೆಂಡಿನ ಲೀಗ್‌ಗಳಲ್ಲಿ ಆಟಗಾರರ ಬಾಕಿ, ಬೇರೆ ಕ್ಲಬ್‌ಗಳಿಗೆ ಕೊಡಬೇಕಾದ ವರ್ಗಾವಣೆ ಹಣ ಪೂರ್ತಿ ತೀರದೆ ಕ್ಲಬ್ ಲೀಗ್‌ನಲ್ಲಿ ಮುಂದುವರಿಯುವ ಹಾಗಿಲ್ಲ. ಅದಕ್ಕೊಂದು ಕಾರಣವೂ ಇದೆ. ಒಂದು ಕ್ಲಬ್ ಹಣ ಕೊಡದಿದ್ದರೆ ಆಟಗಾರನನ್ನು ಮಾರಿದ ಇನ್ನೊಂದು ಕ್ಲಬ್ ಮುಳುಗುತ್ತದೆ, ಅದರ ಹಿಂದೆ ಮತ್ತೊಂದು. ಆದರೆ ಇದರ ಭಾರ ಹೊರುವವರು ಯಾರು? 2008ರಲ್ಲಿ ಎಫ್‌ಎ ಕಪ್ ಗೆದ್ದ ಪೋರ್ಟ್ಸ್‌ಮತ್, ಎರಡೇ ವರ್ಷಕ್ಕೆ, 2010ರಲ್ಲಿ, ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. ಅಲ್ಲಿನ ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ನಲ್ಲಿ ಇರುವಾಗಲೇ ಹಾಗೆ ಹೋದ ಮೊದಲ ಕ್ಲಬ್ ಅದು. 9 ಪಾಯಿಂಟ್ ಕಡಿತವಾಯಿತು. ಬಾಕಿ ಬರಬೇಕಾದವರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಹೆಸರಿತ್ತು. ಪಂದ್ಯದ ದಿನ ಮೈದಾನದ ಅಂಚಿಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ನಿಲ್ಲುವವರು. ಲಕ್ಷಗಟ್ಟಲೆ ಸಂಬಳದ ಆಟಗಾರನಿಗೆ ಪೂರ್ತಿ, ಅವರಿಗೆ ಅಂಥ ಖಾತರಿ ಇಲ್ಲ. ಬ್ರಿಟನ್ನಿನ ತೆರಿಗೆ ಇಲಾಖೆ ಈ ನಿಯಮದ ವಿರುದ್ಧ ಹೈಕೋರ್ಟಿಗೆ ಹೋಗಿ 2012ರಲ್ಲಿ ಸೋತಿತು. ನಿಯಮ ಉಳಿಯಿತು.

ಪಾಯಿಂಟ್ ಕಡಿತದ ಬೆಲೆ ನನಗೆ ಗೊತ್ತಾದದ್ದು ಇಲ್ಲಿ.

ಪ್ರೀಮಿಯರ್ ಲೀಗ್‌ನ ಕೆಳಗಿನ ಮೂರು ಹಂತಗಳನ್ನು ನಡೆಸುವ ಇಎಫ್‌ಎಲ್ ನಿಯಮದಲ್ಲಿ ಎರಡು ಪೆಟ್ಟುಗಳಿವೆ. ಅಡ್ಮಿನಿಸ್ಟ್ರೇಷನ್‌ಗೆ ಹೋದರೆ 12 ಪಾಯಿಂಟ್, ಇದು ಎಲ್ಲರಿಗೂ ಗೊತ್ತು. ಎರಡನೆಯದು ಅಷ್ಟು ಸುದ್ದಿಯಾಗುವುದಿಲ್ಲ. ಅಲ್ಲಿಂದ ಹೊರಬರುವಾಗ ಅಡಮಾನ ಇಲ್ಲದೆ ಸಾಲ ಕೊಟ್ಟವರಿಗೆ ಪೌಂಡಿಗೆ ಕನಿಷ್ಠ 25 ಪೆನ್ಸ್, ಅಥವಾ ಮೂರು ವರ್ಷದಲ್ಲಿ 35 ಪೆನ್ಸ್ ಕೊಡಬೇಕು. ಇಲ್ಲವಾದರೆ ಇನ್ನೂ 15 ಪಾಯಿಂಟ್ ಹೋಗುತ್ತದೆ. ಅಂದರೆ ಆ ಪೆಟ್ಟು ತಪ್ಪಬೇಕಾದರೆ ನೂರು ರೂಪಾಯಿ ಬಾಕಿಗೆ ಇಪ್ಪತ್ತೈದಾದರೂ ಕೊಡಬೇಕು. ನಮ್ಮ ಚಹಾದವರಿಗೆ ಅಂಥ ಆಸರೆ ಯಾವ ಕಾನೂನಿನಲ್ಲೂ ಇಲ್ಲ. ಕ್ಲಬ್ ಕೊಳ್ಳಲು ಬಂದವರು ಸಣ್ಣ ಬಾಕಿಗಳನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಆದರೆ 15 ಪಾಯಿಂಟ್ ಕಳೆದುಕೊಂಡ ತಂಡ ಕೆಳಗಿನ ಲೀಗ್‌ಗೆ ಬೀಳಬಹುದು, ಬಿದ್ದರೆ ಟಿವಿ ಹಣವೂ ಟಿಕೆಟ್ ಹಣವೂ ಇಳಿಯುತ್ತದೆ. ಆಗ ಕೊಡುವುದೇ ಅಗ್ಗ ಅನ್ನಿಸುತ್ತದೆ.

ದಂಡ ಹಾಕಿದರೆ ಸಾಲದಾ? ಸಾಲದು. ಎವರ್ಟನ್ ಕ್ಲಬ್ಬಿನ ಪ್ರಕರಣದಲ್ಲಿ ಇದೇ ಪ್ರಶ್ನೆ ಬಂದಿತ್ತು. ಮೂರು ವರ್ಷ ಸೇರಿ 10.5 ಕೋಟಿ ಪೌಂಡ್ ನಷ್ಟದವರೆಗೆ ಪ್ರೀಮಿಯರ್ ಲೀಗ್‌ನಲ್ಲಿ ಅವಕಾಶ ಇತ್ತು. ಎವರ್ಟನ್‌ನದು 2022ಕ್ಕೆ 12.45 ಕೋಟಿ ಮುಟ್ಟಿತ್ತು. ಹಣವಂತ ಮಾಲೀಕನಿರುವ ಕ್ಲಬ್‌ಗೆ ದಂಡ ಶಿಕ್ಷೆಯೇ ಆಗುವುದಿಲ್ಲ ಅಂತ ವಿಚಾರಣೆ ನಡೆಸಿದವರು ಹೇಳಿ, 2023ರ ನವೆಂಬರ್‌ನಲ್ಲಿ 10 ಪಾಯಿಂಟ್ ಕಡಿದರು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕತೆಯನ್ನು ನಮ್ಮ ರವಿವಾರ ಪೇಟೆಯ ಯಾವ ವ್ಯಾಪಾರಿಗೆ ಹೇಳಿದರೂ ಥಟ್ಟನೆ ಅರ್ಥವಾಗುತ್ತದೆ. ಮಾರ್ಚ್ 31 ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ನಷ್ಟವನ್ನು ಮಿತಿಯೊಳಗೆ ತರಲು ಅಲ್ಲಿನ ಗಡುವು ಜೂನ್ 30. ಫಾರೆಸ್ಟ್ ತನ್ನ ಹುಡುಗ ಬ್ರೆನನ್ ಜಾನ್ಸನ್‌ನನ್ನು ಟಾಟೆನ್‌ಹ್ಯಾಮ್‌ಗೆ ಮಾರಿದ್ದು 2023ರ ಸೆಪ್ಟೆಂಬರ್ 1ಕ್ಕೆ. ಕಾದದ್ದರಿಂದ ಒಳ್ಳೆಯ ಬೆಲೆ ಬಂತು ಅಂತ ವಾದಿಸಿದರು. ವಹಿವಾಟಾಗಿ ನೋಡಿದರೆ ಅದು ತಪ್ಪಲ್ಲ. ಆದರೆ ಹೋದ ವರ್ಷದ ಖಾತೆ ಮುಚ್ಚಿ ಎರಡು ತಿಂಗಳಾಗಿತ್ತು. 4 ಪಾಯಿಂಟ್ ಹೋಯಿತು. ತಪ್ಪು ಒಪ್ಪಿಕೊಂಡು ಸಹಕರಿಸದೆ ಇದ್ದಿದ್ದರೆ 6 ಆಗುತ್ತಿತ್ತು.

ಡರ್ಬಿ ಕೌಂಟಿಯದು ಬೇರೆಯೇ ತಪ್ಪು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಂಥ ಲೆಕ್ಕ ನಾನು ಇಲ್ಲಿನ ಖಾತೆಗಳಲ್ಲೂ ಕಂಡಿದ್ದೇನೆ. ಆಟಗಾರನನ್ನು ನಾಲ್ಕು ವರ್ಷದ ಕರಾರಿಗೆ 40 ಲಕ್ಷ ಕೊಟ್ಟು ಕೊಂಡಿರಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 10 ಲಕ್ಷ ಖರ್ಚು ಬರೆಯಬೇಕು. ಲೇಥ್ ಮಷಿನ್ನಿಗೆ ಸವಕಳಿ ಬರೆದ ಹಾಗೆ. ಡರ್ಬಿ ಏನು ಮಾಡಿತು? ಈ ಹುಡುಗನನ್ನು ಮುಂದೆ ಮಾರಿದರೆ ಇಷ್ಟು ಬರುತ್ತದೆ ಅಂತ ತಾನೇ ಒಂದು ಬೆಲೆ ಇಟ್ಟುಕೊಂಡು, ಮೊದಲ ವರ್ಷಗಳ ಖರ್ಚನ್ನು ಸಣ್ಣದಾಗಿ ತೋರಿಸಿತು. ಭಾರವೆಲ್ಲ ಕೊನೆಯ ವರ್ಷಕ್ಕೆ ಸರಿಯಿತು. ಹಳೇ ಲೇಥ್ ಆದರೆ ಕೊನೆಗೆ ಗುಜರಿಗಾದರೂ ಹೋಗುತ್ತದೆ. ಕರಾರು ಮುಗಿದ ಆಟಗಾರ ಪುಕ್ಕಟೆ ಎದ್ದು ಹೋಗುತ್ತಾನೆ. ಅವನಿಗೆ ಉಳಿಕೆ ಬೆಲೆ ಎಲ್ಲಿಂದ ಬರಬೇಕು? ಆಸೆಯನ್ನು ಆಸ್ತಿ ಅಂತ ಬರೆದ ಲೆಕ್ಕ ಅದು. 2021–22ರಲ್ಲಿ ಅಡ್ಮಿನಿಸ್ಟ್ರೇಷನ್‌ಗೆ 12, ಈ ಲೆಕ್ಕದ ನಿಯಮ ಭಂಗಕ್ಕೆ 9, ಒಟ್ಟು 21 ಪಾಯಿಂಟ್ ಹೋಯಿತು. ಕೋಚ್ ವೇಯ್ನ್ ರೂನಿಯ ಹುಡುಗರು ಮೈದಾನದಲ್ಲಿ 55 ಗಳಿಸಿದ್ದರು. ಪಟ್ಟಿಯಲ್ಲಿ ಉಳಿದದ್ದು 34. ಕೆಳಗಿನ ಲೀಗ್‌ಗೆ ಇಳಿದರು.

ಅಳಿಯನ ವಾದ ಇಲ್ಲಿ ಗಟ್ಟಿಯಾಗುತ್ತದೆ. ಅದನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ವಿಗಾನ್ ಅಥ್ಲೆಟಿಕ್ ನೋಡಿ. 2020ರ ಜೂನ್‌ನಲ್ಲಿ ಹೊಸ ಮಾಲೀಕರು ಬಂದರು. ಒಂದು ತಿಂಗಳೂ ತುಂಬಿರಲಿಲ್ಲ, ಜುಲೈ 1ಕ್ಕೆ ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. ಕಚೇರಿಯ ಹತ್ತಾರು ಜನರ ಕೆಲಸ ಹೋಯಿತು. ಅದೇ ತಿಂಗಳು ಆ ತಂಡ ಹಲ್ ಸಿಟಿಯನ್ನು 8–0ಯಿಂದ ಸೋಲಿಸಿತು. ಎಂಟು ಗೋಲು! ಗಳಿಸಿದ 59 ಪಾಯಿಂಟ್ ಉಳಿದಿದ್ದರೆ 13ನೇ ಸ್ಥಾನ ಸಿಗುತ್ತಿತ್ತು. 12 ಕಳೆದು 47, ಕೆಳಗಿನ ಲೀಗ್. ಆ ಹುಡುಗರು ಯಾವ ತಪ್ಪು ಮಾಡಿದ್ದರು? ಏನೂ ಇಲ್ಲ. ನನ್ನ ದೃಷ್ಟಿಯಲ್ಲಿ ಅಲ್ಲಿ ಕಡಿಯಬೇಕಾದದ್ದು ಪಾಯಿಂಟ್ ಅಲ್ಲ. ಕ್ಲಬ್ ಯಾರ ಕೈಗೆ ಹೋಗುತ್ತಿದೆ, ಅವರ ಬಳಿ ಹಣ ಎಲ್ಲಿದೆ ಅಂತ ಮಾರಾಟಕ್ಕೆ ಮೊದಲೇ ಗಟ್ಟಿಯಾಗಿ ತಡಕಾಡಬೇಕಿತ್ತು.

ಶಿಕ್ಷೆ ತಡವಾಗುವುದೂ ದೊಡ್ಡ ಕೊರತೆ. 2022–23ರ ಕೊನೆಯಲ್ಲಿ ಎವರ್ಟನ್ 36 ಪಾಯಿಂಟ್‌ನಲ್ಲಿ ಉಳಿಯಿತು, ಲೆಸ್ಟರ್ 34ರಲ್ಲಿ ಕೆಳಗೆ ಬಿತ್ತು. ಕಡಿತ ಬಂದದ್ದು ಮುಂದಿನ ಸೀಸನ್ನಿಗೆ. ಆಡಿಟ್‌ನವರು ಬರುವುದೇ ಪಂದ್ಯ ಮುಗಿದ ಮೇಲೆ ಅಲ್ವಾ? ಹಾಗಾಗಿ ಸೀಸನ್ ನಡುವೆಯೇ ಖಾತೆ ನೋಡುವ ಪದ್ಧತಿ ಬರಬೇಕು ಅಂತ ನನಗೆ ಜಾಸ್ತಿ ಜಾಸ್ತಿ ಅನ್ನಿಸುತ್ತಿದೆ.

ಇಷ್ಟಾದರೂ ಕಡಿತವನ್ನೇ ತೆಗೆದುಬಿಡಿ ಅನ್ನುವವರ ಜೊತೆ ನಾನು ನಿಲ್ಲಲಾರೆ. ಪಗಾರ, ತೆರಿಗೆ, ಬಾಕಿ ಎಲ್ಲ ಹೊತ್ತಿಗೆ ಸರಿಯಾಗಿ ತೀರಿಸಿ, ಅದಕ್ಕಾಗಿಯೇ ಒಬ್ಬ ಒಳ್ಳೆಯ ಸ್ಟ್ರೈಕರ್‌ನನ್ನು ಕೊಳ್ಳದೆ ಉಳಿದ ಕ್ಲಬ್ ಕೂಡ ಅದೇ ಪಟ್ಟಿಯಲ್ಲಿ ಇರುತ್ತದೆ. ಬಾಕಿ ಉಳಿಸಿಕೊಂಡವರು ಆ ಹಣದಲ್ಲೇ ಆಟಗಾರರನ್ನು ತಂದು ಇವರನ್ನು ಸೋಲಿಸಿರುತ್ತಾರೆ. ಪಾಯಿಂಟ್ ಬಂದದ್ದು ಬೆವರಿನಿಂದ ನಿಜ. ಅದರಲ್ಲಿ ಅಡುಗೆಯವರ, ಆಂಬುಲೆನ್ಸ್‌ನವರ ಕೊಡದೆ ಉಳಿದ ಬಿಲ್ಲೂ ಸೇರಿದೆ.

ಇದನ್ನೆಲ್ಲ ಕೇಳಿ ಅಳಿಯ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, “ಆ ಚಹಾದ ಕಾಕಾಗ ಎಷ್ಟ್ ಬಂತು?” ಅಂದ.

ಫೌಂಡ್ರಿಯನ್ನು ಬೇರೆಯವರು ಕೊಂಡರು. ಕಾಕಾನ ಕೈಗೆ ಬಂದದ್ದು ಒಂದು ತಿಂಗಳ ಹಾಲಿನ ಬಿಲ್ಲಿಗೂ ಸಾಲಲಿಲ್ಲ. ಅಂಗಡಿ ಈಗಲೂ ಅದೇ ಗೇಟಿನ ಎದುರು ಇದೆ. ಹೊಸ ಕಂಪನಿಗೂ ಚಹಾ ಅವರದೇ. ರೊಕ್ಕ ಮಾತ್ರ ದಿನಾ ಸಂಜೆ ಎಣಿಸಿಕೊಳ್ಳುತ್ತಾರೆ.