ಐದನೇ ಕ್ಲಾಸಿನಲ್ಲಿ ಎರಡನೇ ಕ್ಲಾಸಿನ ಓದು: ಹಂತ ನೋಡಿ ಗುಂಪು ಮಾಡುವ ಟಿಪ್ಪಣಿ

ಡಿ.ಎಡ್., ಬಿ.ಎಡ್. ಓದುತ್ತಾ ಶಾಲೆಗಳಿಗೆ ಅಭ್ಯಾಸಕ್ಕೆ ಹೋಗುವವರಿಗೆ, ಸಂಜೆ ಕಲಿಕಾ ಕೇಂದ್ರಗಳಲ್ಲಿ ಮಕ್ಕಳ ಜೊತೆ ಕೂರುವ ಸ್ವಯಂಸೇವಕರಿಗೆ ಈ ಟಿಪ್ಪಣಿ. ಪರಿಹಾರ ಬೋಧನೆ (ಹಿಂದೆ ಬಿದ್ದ ಮಗುವಿಗೆ ಬಿಟ್ಟುಹೋದದ್ದನ್ನು ಮತ್ತೆ ಕಲಿಸುವುದು) ಅಂದರೇನು, ಸೇತುಬಂಧ (ವರ್ಷದ ಶುರುವಿನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವುದು) ಯಾವಾಗ ನಡೆಯುತ್ತದೆ, ಇವೆಲ್ಲ ಎಲ್ಲರಿಗೂ ಗೊತ್ತಿರುವುದರಿಂದ ಬಿಟ್ಟಿದೆ. ಇಲ್ಲಿರುವುದು ಎರಡೇ ಸಂಗತಿ: ಒಂದು ಮಗು ಓದಿನಲ್ಲಿ, ಲೆಕ್ಕದಲ್ಲಿ ಎಲ್ಲಿ ನಿಂತಿದೆ ಅಂತ ಹತ್ತು ನಿಮಿಷದಲ್ಲಿ ತಿಳಿಯುವುದು ಹೇಗೆ, ತಿಳಿದ ಮೇಲೆ ಅದನ್ನು ಯಾರ ಪಕ್ಕ ಕೂರಿಸುವುದು. ಜಾಸ್ತಿ ಜಾಗವನ್ನು ಕಳೆಯುವ ಲೆಕ್ಕವೇ ತಿಂದಿದೆ. ಎಡವುವುದೂ ಅಲ್ಲೇ.

ಮೆಟ್ಟಿಲು ತಪ್ಪುವುದು

ಪಠ್ಯಪುಸ್ತಕ ಯಾರಿಗೂ ಕಾಯುವುದಿಲ್ಲ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಯುಗಾದಿ ಹೊತ್ತಿಗೆ ಮರಳುವ ಯಾದಗಿರಿ, ರಾಯಚೂರು ಕಡೆಯ ಮಗು, ತಾಂಡಾದಲ್ಲಿ ಲಂಬಾಣಿ ಮಾತಾಡಿಕೊಂಡು ಬೆಳೆದು ಶಾಲೆಯಲ್ಲಿ ಕನ್ನಡಕ್ಕೆ ಕಿವಿ ಕೊಡಬೇಕಾದ ಮಗು, ಮನೆಯಲ್ಲಿ ಓದಿ ಹೇಳುವವರೇ ಇಲ್ಲದ ಮಗು, ಇವರಿಗೆ ಒಂದು ಮೆಟ್ಟಿಲು ತಪ್ಪುತ್ತದೆ. ಮೊದಲು ತಪ್ಪಿದ್ದು ಗುಣಿತಾಕ್ಷರ ಮಾತ್ರ. ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಅದೇ ಒಂದು ಕೊರತೆ ಪರಿಸರ ಅಧ್ಯಯನವನ್ನೂ ವಾಕ್ಯರೂಪದ ಲೆಕ್ಕವನ್ನೂ ನುಂಗಿರುತ್ತದೆ. ದುಡ್ಡಿರುವ ಮನೆಯವರು ಸಂಜೆ ಟ್ಯೂಷನ್ ಇಟ್ಟು ಆ ಮೆಟ್ಟಿಲನ್ನು ಮತ್ತೆ ಕಟ್ಟಿಸುತ್ತಾರೆ. ಉಳಿದವರಿಗೆ ಅದನ್ನು ಶಾಲೆಯೇ ಕಟ್ಟಬೇಕು, ಬೇರೆ ದಾರಿಯಿಲ್ಲ.

ನಮ್ಮಲ್ಲಿ ಇದಕ್ಕೊಂದು ವ್ಯವಸ್ಥೆ ಇಲ್ಲ ಎಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಪಾಠಗಳು ಏಣಿಯ ಮೆಟ್ಟಿಲಿನಂತೆ ಜೋಡಿಸಿದ ಕಾರ್ಡುಗಳಲ್ಲಿರುತ್ತವೆ, ಮಗು ಎಷ್ಟು ದಿನ ತಪ್ಪಿಸಿಕೊಂಡರೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಆದರೆ ಆ ಏಣಿ ಇರುವುದು ಮೂರನೇ ತರಗತಿವರೆಗೆ. ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಒಂದೇ ಪಾಠ, ಒಂದೇ ಪುಟ. ಹಂತ ಪರೀಕ್ಷೆ ಹೆಚ್ಚು ಬೇಕಾಗುವುದು ಆ ಏಣಿ ಮುಗಿಯುವ 3ರಿಂದ 5ನೇ ತರಗತಿವರೆಗಿನ ಮಕ್ಕಳಿಗೆ ಎನ್ನುವುದು ಇದಕ್ಕೇ.

ಓದಿನ ಹಂತ

ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ, ಮಕ್ಕಳ ಓದು ಮತ್ತು ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಹಾಳೆಯೇ ಸಾಕು. ಅದರಲ್ಲಿ ಅಕ್ಷರಗಳು, ಪದಗಳು, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಇರುತ್ತವೆ. ಶುರು ಮಾಡಬೇಕಾದ್ದು ಅಕ್ಷರದಿಂದಲ್ಲ, ಪ್ಯಾರಾದಿಂದ. ಪದ ಪದ ಬಿಡಿಸದೆ ವಾಕ್ಯವಾಗಿ ಓದಿದರೆ, ತಪ್ಪು ಮೂರರೊಳಗಿದ್ದರೆ ಕಥೆ ಕೊಡಿ. ನಿಧಾನವಾಗಿ ಓದಿದರೆ ಅದು ತಪ್ಪಲ್ಲ. ಪ್ಯಾರಾ ಆಗದಿದ್ದರೆ ಪದಗಳಿಗೆ ಇಳಿಯಿರಿ: ಮಗುವೇ ಆರಿಸಿದ ಐದರಲ್ಲಿ ನಾಲ್ಕು ಸರಿ ಇರಬೇಕು. ಅದೂ ಆಗದಿದ್ದರೆ ಐದು ಅಕ್ಷರ, ಅಲ್ಲೂ ನಾಲ್ಕು. ಅದಕ್ಕೂ ಕೆಳಗಿದ್ದರೆ ಆರಂಭಿಕ ಹಂತ.

ಮರೆಯುವ ಒಂದು ಹೆಜ್ಜೆ: ಪದಗಳನ್ನು ಸಲೀಸಾಗಿ ಓದಿದ ಮಗುವಿಗೆ ಪ್ಯಾರಾವನ್ನು ಇನ್ನೊಮ್ಮೆ ಕೊಡಬೇಕು. ಮೊದಲ ಸಲ ಹೆದರಿ ತಡವರಿಸಿರಬಹುದು. ಈ ವಾಪಸಾತಿ ಬಿಟ್ಟರೆ ಪ್ಯಾರಾ ಓದಬಲ್ಲ ಮಕ್ಕಳು ಪದದ ಗುಂಪಿನಲ್ಲಿ ಕೊಳೆಯುತ್ತಾರೆ.

ಕನ್ನಡಕ್ಕೆ ಈ ಹಾಳೆ ಒಂದು ಕಡೆ ಬಿಗಿಯಾಗಿ ಕೂರುವುದಿಲ್ಲ. ಅಕ್ಷರಕ್ಕೂ ಪದಕ್ಕೂ ನಡುವೆ ನಮ್ಮಲ್ಲಿ ಗುಣಿತ ಎನ್ನುವ ದೊಡ್ಡ ಹೊಳೆಯಿದೆ. ಮ, ರ, ಸ ಎಲ್ಲ ಹೇಳುವ ಮಗು ‘ಮೊಸರು’ ಎದುರು ನಿಂತುಬಿಡುತ್ತದೆ. ‘ವು’ಗೂ ‘ಮ’ಗೂ ಬರಹದಲ್ಲಿ ಇರುವ ವ್ಯತ್ಯಾಸ ನಮಗೆ ಕಾಣುತ್ತದೆ, ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಅಕ್ಷರದ ಹಂತದ ಮಕ್ಕಳನ್ನು ಗುಣಿತ ಬರುವವರು, ಬಾರದವರು ಅಂತ ಮತ್ತೆ ಎರಡು ಮಾಡಿಕೊಳ್ಳಿ. ಒತ್ತಕ್ಷರದಲ್ಲಿ ತ, ನ, ಮ, ಯ, ರ, ಲ ಈ ಆರಕ್ಕೇ ಹೆಚ್ಚು ದಿನ ಕೊಡಿ. ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ, ಉಳಿದವು ತಲೆಕಟ್ಟು ತೆಗೆದರೆ ಹೆಚ್ಚುಕಮ್ಮಿ ಅವೇ. ಅರ್ಕಾವೊತ್ತು ಇನ್ನೊಂದು ತಾಪತ್ರಯ: ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ‘ಸೂರ್ಯ’ವನ್ನು ‘ಸೂಯರ’ ಎಂದು ಓದಿದ ಮಗು ಕಣ್ಣಿಗೆ ಕಂಡ ಸಾಲನ್ನೇ ನಿಷ್ಠೆಯಿಂದ ಓದಿದೆ.

ಆಡುನುಡಿಯನ್ನು ತಪ್ಪೆಂದು ಎಣಿಸಬೇಡಿ. ‘ಹಕ್ಕಿ’ಯನ್ನು ‘ಅಕ್ಕಿ’ ಎಂದರೆ ಓದು ಬಂದಿಲ್ಲ ಎಂದಲ್ಲ. ಅನುಮಾನವಿದ್ದರೆ ಎರಡೂ ಪದ ಬರೆದು, ‘ಹಾರೋದು ಯಾವುದು, ಬೆರಳಿಡು’ ಅನ್ನಿ. ಸರಿಯಾದದ್ದರ ಮೇಲೆ ಬೆರಳಿಟ್ಟರೆ ಮುಗಿಯಿತು.

ಕಳೆಯುವ ಲೆಕ್ಕ

ಗಣಿತದ ಪರೀಕ್ಷೆಯೂ ನಡುವಿನಿಂದಲೇ ಶುರು: ಎರಡಂಕಿಯ, ದಶಕ ಸಹಿತ (ಹತ್ತರ ಮನೆಯಿಂದ ಒಂದು ಹತ್ತು ಪಡೆದು) ಕಳೆಯುವ ಎರಡು ಲೆಕ್ಕ. ಎರಡೂ ಸರಿಯಾದರೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಆಗದಿದ್ದರೆ ಎರಡಂಕಿಯ ಸಂಖ್ಯೆ ಗುರುತಿಸುವುದು, ಅದಕ್ಕೂ ಕೆಳಗೆ 1ರಿಂದ 9. ಸಂಖ್ಯೆ ಗುರುತಿಸುವಾಗ 70, 80ರ ಸಾಲಿನಿಂದ ಒಂದೆರಡನ್ನು ಕೇಳಲೇಬೇಕು. ‘ಎಪ್ಪತ್ತು’, ‘ಎಂಬತ್ತು’ ಕಿವಿಗೆ ಅಕ್ಕಪಕ್ಕದ ಮನೆಯವು.

ಹಂತ ತಿಳಿಯಲು ಇಷ್ಟು ಸಾಕು. ಆದರೆ ಕಲಿಸಲು ಹೊರಟಾಗ ‘ಕಳೆಯುವುದು ಬರಲ್ಲ’ ಅನ್ನುವುದು ಯಾವ ಕೆಲಸಕ್ಕೂ ಬಾರದ ಮಾತು. ಯಾವ ತಪ್ಪು ಎನ್ನುವುದು ಬೇಕು. 64 − 28 ತೆಗೆದುಕೊಳ್ಳಿ. ಸರಿಯುತ್ತರ 36.

44 ಬಂದರೆ: ಪ್ರತಿ ಸಾಲಿನಲ್ಲೂ ಚಿಕ್ಕದನ್ನು ದೊಡ್ಡದರಿಂದ ಕಳೆದಿದೆ. 8ರಲ್ಲಿ 4 ಹೋದರೆ 4, 6ರಲ್ಲಿ 2 ಹೋದರೆ 4.
46 ಬಂದರೆ: 14ರಲ್ಲಿ 8 ಸರಿಯಾಗಿ ಕಳೆದಿದೆ, ಹತ್ತರ ಮನೆಯ 6ನ್ನು 5 ಮಾಡುವುದು ಬಿಟ್ಟಿದೆ.
32 ಬಂದರೆ: ಹತ್ತು ಪಡೆದಿದೆ, ಮೊದಲೇ ಇದ್ದ 4 ಬಿಡಿಯನ್ನು ಮರೆತು 10ರಲ್ಲಿ 8 ಕಳೆದಿದೆ.
40 ಬಂದರೆ: ‘4ರಲ್ಲಿ 8 ಹೋಗಲ್ಲ’ ಅಂತ ಸೊನ್ನೆ ಹಾಕಿದೆ.
92 ಬಂದರೆ: ಕೂಡಿದೆ. ಚಿಹ್ನೆ ನೋಡಿಲ್ಲ.

ಈಗ ಎಡವುವ ಜಾಗ. ಇದೇ ಕೆಲಸಕ್ಕೆ 52 − 27 ಕೊಟ್ಟು ನೋಡಿ. ಸರಿಯುತ್ತರ 25. ಚಿಕ್ಕದನ್ನು ದೊಡ್ಡದರಿಂದ ಕಳೆಯುವ ಮಗುವಿಗೆ 7 − 2 = 5, 5 − 2 = 3, ಒಟ್ಟು 35. ಹತ್ತರ ಮನೆ ಇಳಿಸಲು ಮರೆಯುವ ಮಗುವಿಗೆ 12 − 7 = 5, 5 − 2 = 3, ಅದೂ 35! ಒಂದು ಮಗುವಿಗೆ ಹತ್ತರ ಕಂತೆ ಬಿಚ್ಚಿ ಬಿಡಿ ಮಾಡುವ ಕಲ್ಪನೆಯೇ ಇಲ್ಲ, ಇನ್ನೊಂದಕ್ಕೆ ಕಲ್ಪನೆಯಿದೆ, ಒಂದು ಬರವಣಿಗೆ ಬಿಟ್ಟುಹೋಗಿದೆ. ಹಾಳೆಯ ಮೇಲೆ ಇಬ್ಬರೂ ಒಂದೇ. ಮೊದಲನೆಯದಕ್ಕೆ ಕಡ್ಡಿ ಹಿಡಿದು ವಾರಗಟ್ಟಲೆ ಕೆಲಸ, ಎರಡನೆಯದಕ್ಕೆ ಒಂದು ಮಧ್ಯಾಹ್ನ ಸಾಕು.

ಹೀಗೆ ಆಗುವುದು ಯಾವಾಗ? ಮೇಲಿನ ಬಿಡಿ ಅಂಕಿಗೂ ಕೆಳಗಿನ ಬಿಡಿ ಅಂಕಿಗೂ ಸರಿಯಾಗಿ 5ರ ಅಂತರವಿದ್ದಾಗ. ತಲೆಕೆಳಗಾಗಿ ಕಳೆದರೆ ಬರುವುದು ಆ ಅಂತರ, ಸರಿಯಾಗಿ ಕಳೆದರೆ ಬರುವುದು 10ರಿಂದ ಆ ಅಂತರ ತೆಗೆದಷ್ಟು. ಅಂತರ 5 ಆದರೆ ಎರಡೂ 5. ಆದ್ದರಿಂದ 41 − 16, 63 − 38, 80 − 35 ಇಂಥವು ನೈದಾನಿಕ ಪರೀಕ್ಷೆಗೆ, ಅಂದರೆ ಯಾವ ತಪ್ಪು ಎಂದು ಪತ್ತೆ ಮಾಡುವ ಪರೀಕ್ಷೆಗೆ ಬೇಡ. ಅಭ್ಯಾಸಕ್ಕೆ ಕೊಟ್ಟರೆ ತೊಂದರೆಯಿಲ್ಲ. ಪ್ರಶ್ನೆ ಬರೆದ ಮೇಲೆ ಬಿಡಿ ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸುವುದು, ಅಷ್ಟೇ ಕೆಲಸ.

44ರ ತಪ್ಪು ಎಲ್ಲಿಂದ ಬಂತು ಅಂತ ಹುಡುಕಿದರೆ ಅದು ನಮ್ಮ ಬಾಯಿಂದಲೇ ಬಂದಿರುತ್ತದೆ. ದಶಕ ರಹಿತ ಲೆಕ್ಕ ಕಲಿಸುವ ವಾರಗಳಲ್ಲಿ ‘ದೊಡ್ಡದರಲ್ಲಿ ಚಿಕ್ಕದು ಕಳಿ’ ಅಂತ ನೂರು ಸಲ ಹೇಳಿರುತ್ತೇವೆ. ಮಗು ಆ ಮಾತನ್ನು ಇವತ್ತಿಗೂ ಪಾಲಿಸುತ್ತಿದೆ. ‘ಮೇಲಿನದರಲ್ಲಿ ಕೆಳಗಿನದು ಕಳಿ’ ಅಂತ ಮೊದಲ ದಿನದಿಂದ ಹೇಳಿದರೆ ಅರ್ಧ ಗೋಳು ತಪ್ಪುತ್ತದೆ. ‘ಪಕ್ಕದ ಮನೆಯಿಂದ ಸಾಲ ತಗೋ’ ಅನ್ನುವುದೂ ಅಷ್ಟೇನೂ ಒಳ್ಳೆಯ ಮಾತಲ್ಲ. ಸಾಲವೆಂದರೆ ತೀರಿಸಬೇಕು, ಇಲ್ಲಿ ಯಾರೂ ತೀರಿಸುವುದಿಲ್ಲ. ‘ಒಂದು ಕಂತೆ ಬಿಚ್ಚು’ ಅಂದರೆ ಕೈ ಮಾಡುವುದೂ ಬಾಯಿ ಹೇಳುವುದೂ ಒಂದೇ ಆಗುತ್ತದೆ.

ಕಡ್ಡಿಗಳ ಲೆಕ್ಕ: ಇಬ್ಬರು ಮಕ್ಕಳಿಗೆ 99 ಪೊರಕೆ ಕಡ್ಡಿ, 9 ರಬ್ಬರ್ ಬ್ಯಾಂಡ್. ಹತ್ತರ 9 ಕಂತೆ, 9 ಬಿಡಿ. 64 − 28ಕ್ಕೆ 6 ಕಂತೆ, 4 ಬಿಡಿ ಇಡಿಸಿ. 28ನ್ನು ಇಡಿಸಬೇಡಿ, ಬರೀ ಬರೆಯಿಸಿ. ಎರಡೂ ಸಂಖ್ಯೆಗೆ ಕಡ್ಡಿ ಇಡಿಸಿದರೆ ಮಗು ಎಲ್ಲವನ್ನೂ ರಾಶಿ ಹಾಕಿ 92 ಎಣಿಸುತ್ತದೆ, ಆ ತಪ್ಪು ಮಗುವಿನದಲ್ಲ. ‘8 ಕೊಡು’ ಅನ್ನಿ. ಕೈಯಲ್ಲಿ 4 ಬಿಡಿ ಮಾತ್ರ ಇದೆ. ಒಂದು ಕಂತೆಯ ರಬ್ಬರ್ ಬ್ಯಾಂಡ್ ತೆಗೆದು ಬಿಡಿಗೆ ಸೇರಿಸಿದಾಗ 14. ಕಂತೆ ಎಷ್ಟು ಉಳಿದವು ಅಂತ ಆಗಲೇ ಕೇಳಿ, ಎಣಿಸಲಿ, 6ರ ಮೇಲೆ ಗೀಟು ಹಾಕಿ 5 ಬರೆಯಲಿ. 8 ಕೊಟ್ಟ ಮೇಲೆ ಕೇಳಿದರೆ ತಡವಾಯಿತು, 46 ಹುಟ್ಟುವುದು ಅದೇ ಗಳಿಗೆಯಲ್ಲಿ. ಆಮೇಲೆ 2 ಕಂತೆ ಕೊಡಲಿ. ಉಳಿದದ್ದು 3 ಕಂತೆ, 6 ಬಿಡಿ.

ಎರಡು ದಿನ ಬರೀ ದಶಕ ಸಹಿತ ಲೆಕ್ಕ ಮಾಡಿಸಿದರೆ ಇನ್ನೊಂದು ರಗಳೆ: 68 − 24ಕ್ಕೂ ಕಂತೆ ಬಿಚ್ಚಿ, 18ರಲ್ಲಿ 4 ಹೋದರೆ 14, 5ರಲ್ಲಿ 2 ಹೋದರೆ 3, ಉತ್ತರ 314 ಎಂದು ಬರೆಯುತ್ತಾರೆ. ಅದಕ್ಕೇ ಐದು ಲೆಕ್ಕದಲ್ಲಿ ಎರಡಾದರೂ ಬಿಚ್ಚುವ ಅಗತ್ಯವಿಲ್ಲದವು ಇರಲಿ. 50 − 23ರಂಥ ಸೊನ್ನೆಯವು ಕೊನೆಗೆ.

ಗುಂಪು ಮತ್ತು ಗಂಟೆ

3, 4, 5ನೇ ತರಗತಿಯವರನ್ನು ಒಟ್ಟು ಸೇರಿಸಿ ಹಂತದ ಪ್ರಕಾರ ಕೂರಿಸುವುದು. ಭಾಷೆಗೆ ಒಂದು ಗುಂಪು, ಗಣಿತಕ್ಕೆ ಬೇರೆ ಗುಂಪು. ಕಥೆ ಓದುವ ಮಗು ಗಣಿತದಲ್ಲಿ ಸಂಖ್ಯೆ ಗುರುತಿಸುವವರ ಜೊತೆ ಇರಬಹುದು. ಗುಂಪಿಗೆ ನವಿಲು, ಗಿಳಿ ಅಂತ ಹೆಸರಿಟ್ಟರೂ ಯಾವುದು ಕೆಳಗಿನದು ಅಂತ ಮಕ್ಕಳಿಗೆ ಎರಡೇ ದಿನದಲ್ಲಿ ತಿಳಿಯುತ್ತದೆ. ಹತ್ತು ದಿನಕ್ಕೊಮ್ಮೆ ಮತ್ತೆ ಪರೀಕ್ಷಿಸಿ ಮಕ್ಕಳನ್ನು ಸರಿಸುತ್ತಿದ್ದರೆ ಮಾತ್ರ ಆ ಮುಜುಗರ ಹೋಗುತ್ತದೆ.

ತರಬೇತಿ ಮತ್ತು ಸಾಮಗ್ರಿ ಕೊಟ್ಟರೆ ಸಾಕು ಎನ್ನುವವರಿಗೆ ಬಿಹಾರದ ಅನುಭವ ನೋಡಿ ಎನ್ನಬೇಕು. 2008ರ ಜೂನ್‌ನ ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಿಕ್ಷಕರೇ ಈ ವಿಧಾನದಲ್ಲಿ ಕಲಿಸಿದಾಗ ಮಕ್ಕಳ ಓದು ಸುಧಾರಿಸಿತು. ಶಾಲೆ ಶುರುವಾದ ಮೇಲೆ ಬರೀ ತರಬೇತಿ, ಸಾಮಗ್ರಿ ಸಿಕ್ಕ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಪಾಠ ಮುಗಿಸುವ ಅವಸರ ಗೆದ್ದಿತ್ತು. ಹರಿಯಾಣದಲ್ಲಿ 2012–13ರಲ್ಲಿ ವೇಳಾಪಟ್ಟಿಯಲ್ಲೇ ಇದಕ್ಕೊಂದು ಗಂಟೆ ಎತ್ತಿಟ್ಟರು, ಮೇಲ್ವಿಚಾರಕರು ಶಾಲೆಗೆ ಹೋಗಿ ನೋಡಿದರು, ಹಿಂದಿ ಓದು ಮೇಲೇರಿತು. ವೇಳಾಪಟ್ಟಿಯಲ್ಲಿ ಗಂಟೆ ಸಿಗದ ಕಡೆ ಶಿಬಿರವೇ ದಾರಿ: ಉತ್ತರ ಪ್ರದೇಶದಲ್ಲಿ 10 ದಿನದ ನಾಲ್ಕು ಅಥವಾ 20 ದಿನದ ಎರಡು ಶಿಬಿರ ಶಾಲೆಯ ದಿನಗಳಲ್ಲೇ ನಡೆದವು, ಬೇಸಿಗೆಯಲ್ಲಿ ಇನ್ನೂ 10 ದಿನ.

ಜನರನ್ನು ಹಂಚುವಾಗ ಅನುಭವಿ ಶಿಕ್ಷಕರಿಗೆ ಕಥೆಯ ಗುಂಪು, ಹೊಸ ಸ್ವಯಂಸೇವಕರಿಗೆ ಆರಂಭಿಕ ಗುಂಪು ಎಂದಾಗುವುದೇ ಹೆಚ್ಚು. ಇದು ತಲೆಕೆಳಗು. ಕಥೆ ಓದುವ ಮಕ್ಕಳು ಪುಸ್ತಕ ಕೊಟ್ಟರೆ ಅರ್ಧ ಗಂಟೆ ತಾವೇ ಸಾಗುತ್ತಾರೆ, ‘ವು’ ಮತ್ತು ‘ಮ’ದ ನಡುವೆ ಸಿಕ್ಕಿಕೊಂಡವರಿಗೆ ಪಕ್ಕದಲ್ಲಿ ಕೂತು ಬೆರಳು ನೋಡುವವರು ಬೇಕು. ಗುಳೆಯಿಂದ ಮರಳಿದ ಮಗುವಿಗೆ ಹೊಸ ದಾಖಲಾತಿಗೆ ಕಾಯದೆ ಬಂದ ದಿನವೇ ಹಾಳೆ ತೋರಿಸಿ. ಹೋಗುವ ಮುಂಚೆ ಯಾವ ಗುಂಪಿನಲ್ಲಿತ್ತು ಅನ್ನುವುದು ರಿಜಿಸ್ಟರಿನಲ್ಲಿ ದಿನಾಂಕ ಸಮೇತ ಇದ್ದರೆ, ಪರೀಕ್ಷೆ ಆ ಹಂತದಿಂದಲೇ ಶುರು ಮಾಡಬಹುದು.